ಹೂವಾಡಿಗರ ಸೊಸೆ, ಪ್ಲೇಗಿನ ದಾದಿ: ಸಾವಿತ್ರಿಬಾಯಿ ಫುಲೆಯವರ ಆರೈಕೆಯ ದುಡಿಮೆ

ಹತ್ತೊಂಬತ್ತನೆಯ ಶತಮಾನದ ಪುಣೆಯ ಇತಿಹಾಸದಲ್ಲಿ ಸಾವಿತ್ರಿಬಾಯಿ ಫುಲೆ (1831–1897) ಅವರ ಹೆಸರು ಬರುವುದು ಹೆಚ್ಚಾಗಿ ಶಾಲೆಯ ಸಂಗಡ. 1848ರಲ್ಲಿ ಬುಧವಾರ ಪೇಠೆಯ ಭಿಡೆ ವಾಡೆಯಲ್ಲಿ, ಎಂದರೆ ನಡುವೆ ಅಂಗಳವನ್ನಿಟ್ಟು ಸುತ್ತಲೂ ಕೋಣೆಗಳನ್ನು ಕಟ್ಟಿದ, ಕನ್ನಡ ನಾಡಿನ ತೊಟ್ಟಿಮನೆಗೆ ಹತ್ತಿರದ ಮಾದರಿಯ ಮನೆಯೊಂದರಲ್ಲಿ, ಪತಿ ಜೋತಿರಾವ್ ಫುಲೆಯವರು ತೆರೆದ ಹೆಣ್ಣುಮಕ್ಕಳ ಶಾಲೆಯಲ್ಲಿ ಅವರು ಪಾಠ ಹೇಳಿದರೆಂಬುದನ್ನು ಇಂದು ಶಾಲಾಮಕ್ಕಳೂ ಬಲ್ಲರು. ಅವರು ಹುಟ್ಟಿದ ಜನವರಿ 3ನ್ನು ಮಹಾರಾಷ್ಟ್ರದಲ್ಲಿ ಮಾತ್ರವಲ್ಲದೆ ಕರ್ನಾಟಕದ ಅನೇಕ ಶಾಲೆಗಳಲ್ಲಿಯೂ ಆಚರಿಸುತ್ತಾರೆ. ಪುಣೆಯ ವಿಶ್ವವಿದ್ಯಾಲಯ 2014ರಿಂದ ಅವರ ಹೆಸರನ್ನು ಹೊತ್ತಿದೆ. ಇದೆಲ್ಲ ಸಲ್ಲಬೇಕಾದದ್ದೇ. ಆದರೂ ಈ ಸ್ಮರಣೆ ಒಂದು ಕಡೆಗೆ ವಾಲಿದೆ. ಪಾಠ ಹೇಳಿದ್ದನ್ನು ಸಾಧನೆಯ ಲೆಕ್ಕಕ್ಕೂ, ಅದೇ ಹೆಣ್ಣುಮಗಳು ಮೂವತ್ತು ವರ್ಷಗಳಿಗೂ ಮೀರಿ ನಡೆಸಿದ ಹೆರಿಗೆ, ಬಾಣಂತನ, ಅನಾಥ ಮಕ್ಕಳ ಪಾಲನೆ ಮತ್ತು ರೋಗಿಗಳ ಶುಶ್ರೂಷೆಯನ್ನು ಸ್ವಭಾವದ ಲೆಕ್ಕಕ್ಕೂ ಸೇರಿಸಿಬಿಡುವ ರೂಢಿ ಬೆಳೆದಿದೆ. ಹೆಂಗಸಿನ ಮನಸ್ಸು ಮೆದುವಾದದ್ದು, ಆದ್ದರಿಂದ ಆಕೆ ಆರೈಕೆ ಮಾಡಿದಳು ಎಂದು ಹೇಳಿ ಮುಗಿಸಿದರೆ ಆ ಆರೈಕೆಗೆ ಬೇಕಾಗಿದ್ದ ಕೌಶಲ, ಹಣ, ಧೈರ್ಯ, ಅದು ಮುರಿದ ಕಟ್ಟುಪಾಡು ಯಾವುದೂ ವಿಚಾರಣೆಗೆ ಬರುವುದಿಲ್ಲ. ಸಾವಿತ್ರಿಬಾಯಿಯವರ ತಾಯ್ತನವೂ ಶುಶ್ರೂಷೆಯೂ ಆಲೋಚಿಸಿ ಆಯ್ದುಕೊಂಡ ಸಾರ್ವಜನಿಕ ದುಡಿಮೆಯಾಗಿದ್ದವು, ಭಾರತದ ಶುಶ್ರೂಷಾ ವೃತ್ತಿಯ ಚರಿತ್ರೆಯಲ್ಲಿ ಅವಕ್ಕೆ ಸ್ಥಾನ ಸಲ್ಲಬೇಕು ಎಂಬುದೇ ಈ ಉಪನ್ಯಾಸದ ವಾದ.

ಈ ದುಡಿಮೆಯ ಹಿನ್ನೆಲೆಯನ್ನು ಅರಿಯಲು ಅವರು ಸೇರಿದ ಮನೆತನದಿಂದ ಆರಂಭಿಸುವುದು ಯುಕ್ತ. ಫುಲೆಯವರ ಮೂಲ ಊರು ಸಾತಾರಾ ಜಿಲ್ಲೆಯ ಕಟಗುಣ. ಮೂಲ ಅಡ್ಡಹೆಸರು ಗೋರ್ಹೆ. ಜೋತಿರಾವ್ ಅವರ ಅಜ್ಜ ಶೇಟಿಬಾ ಪುರಂದರ ಸೀಮೆಯ ಖಾನವಡಿಗೂ ಅಲ್ಲಿಂದ ಪುಣೆಗೂ ಬಂದ ಮೇಲೆ, ಅವರ ಮೂವರು ಗಂಡುಮಕ್ಕಳು ಹೂವಿನ ಕಸುಬನ್ನು ಹಿಡಿದು ಪೇಶ್ವೆ ಎರಡನೆಯ ಬಾಜಿರಾಯನ ಆಸ್ಥಾನಕ್ಕೆ ಪೂಜೆ ಮತ್ತು ಸಮಾರಂಭಗಳಿಗೆ ಬೇಕಾದ ಹೂಹಾಸಿಗೆ ಮುಂತಾದ ಅಲಂಕಾರಗಳನ್ನು ಸಿದ್ಧಮಾಡಿಕೊಡುತ್ತಿದ್ದರು. ಅವರ ಕೈಗೆಲಸವನ್ನು ಮೆಚ್ಚಿ ಪೇಶ್ವೆ 35 ಎಕರೆ ಇನಾಮು ಭೂಮಿಯನ್ನು, ಎಂದರೆ ಕಂದಾಯವಿಲ್ಲದ ಉಂಬಳಿಯನ್ನು, ಕೊಟ್ಟನು. ಹೂವಿನವರು ಎಂಬ ಅರ್ಥದ ಫುಲೆ ಎಂಬ ಹೆಸರು ಅಲ್ಲಿಂದ ನಿಂತಿತು. ಹಿರಿಯಣ್ಣ ಇನಾಮು ಭೂಮಿಯನ್ನೆಲ್ಲ ತನ್ನದಾಗಿಸಿಕೊಂಡ ಮೇಲೆ ಜೋತಿರಾವ್ ಅವರ ತಂದೆ ಗೋವಿಂದರಾವ್ ಬೇಸಾಯವನ್ನೂ ಹೂವು ತರಕಾರಿಗಳ ವ್ಯಾಪಾರವನ್ನೂ ನೆಚ್ಚಿ ಸಂಸಾರವನ್ನು ಸಾಗಿಸಿದರು. ಜಾತಿಯಲ್ಲಿ ಅವರು ಮಾಳಿಗಳು. ತೋಟಗಾರಿಕೆಯನ್ನು ಕುಲಕಸುಬಾಗಿ ಉಳ್ಳ ಈ ಸಮುದಾಯದಲ್ಲಿ ಹೂವು ಬೆಳೆಯುವ ಫೂಲಮಾಳಿ, ಜೀರಿಗೆ ಬೆಳೆಯುವ ಜಿರೇಮಾಳಿ, ಅರಿಸಿನ ಬೆಳೆಯುವ ಹಳದೆಮಾಳಿ ಎಂಬ ಒಳಪಂಗಡಗಳಿವೆ. ಬೆಳಗಾವಿ, ವಿಜಯಪುರ ಜಿಲ್ಲೆಗಳ ಗಡಿಯೂರುಗಳಲ್ಲಿಯೂ ಮಾಳಿಗಳಿದ್ದಾರೆ, ದೇವರಿಗೆ ಹೂವು ಪತ್ರೆ ಒದಗಿಸುವ ಉತ್ತರ ಕರ್ನಾಟಕದ ಹೂಗಾರರ ಬದುಕಿಗೂ ಇವರ ಬದುಕಿಗೂ ಹತ್ತಿರದ ಹೋಲಿಕೆಯಿದೆ. ಇಂತಹ ಮನೆತನಗಳು ಬೆಳೆದು, ಬಿಡಿಸಿ, ಕಟ್ಟಿ ಕೊಟ್ಟ ಮಾಲೆಯಿಲ್ಲದೆ ದೇವರ ಪೂಜೆ ಪೂರ್ತಿಯಾಗುತ್ತಿರಲಿಲ್ಲ. ಆ ಪೂಜೆಯ ಮಂತ್ರವನ್ನು ಓದುವ ಅಧಿಕಾರ ಮಾತ್ರ ಅವರಿಗಿರಲಿಲ್ಲ. ಫುಲೆ ದಂಪತಿಗಳ ಜೀವಿತಕಾರ್ಯ ಈ ವಿಪರ್ಯಾಸದ ಒಳಗಿನಿಂದಲೇ ಮೊಳೆಯಿತು.

ಸಾವಿತ್ರಿಬಾಯಿ ಹುಟ್ಟಿದ್ದು ಸಾತಾರಾ ಜಿಲ್ಲೆಯ ನಾಯಗಾಂವದಲ್ಲಿ, ಖಂಡೋಜಿ ನೇವಸೆ ಪಾಟೀಲ ಮತ್ತು ಲಕ್ಷ್ಮೀಬಾಯಿಯವರ ಮಗಳಾಗಿ. 1840ರಲ್ಲಿ ಅವರ ಮದುವೆಯಾದಾಗ ಅವರಿಗೆ ಒಂಬತ್ತು ವರ್ಷ, ವರನಿಗೆ ಹದಿಮೂರು. ಅವರು ಕಾಲಿಟ್ಟ ಮನೆಯಲ್ಲಿ ಅತ್ತೆ ಇರಲಿಲ್ಲ. ಜೋತಿರಾವ್ ಎಳೆಗೂಸಾಗಿದ್ದಾಗಲೇ ತಾಯಿ ಚಿಮಣಾಬಾಯಿ ತೀರಿಕೊಂಡಿದ್ದರು. ಆ ಮಗುವನ್ನು ಎತ್ತಿ ಆಡಿಸಿ ಬೆಳೆಸಿದವರು ಸಗುಣಾಬಾಯಿ ಕ್ಷೀರಸಾಗರ ಎಂಬ ಸಂಬಂಧಿ, ಬಾಲವಿಧವೆ, ಕ್ರೈಸ್ತ ಮಿಷನರಿಯೊಬ್ಬರ ಮನೆಯಲ್ಲಿ ಅನಾಥ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದವರು. ಹೆರದೆಯೂ ತಾಯಿಯಾಗಬಹುದೆಂಬುದಕ್ಕೆ ಸಾವಿತ್ರಿಬಾಯಿಯವರಿಗೆ ನಿದರ್ಶನ ಮನೆಯೊಳಗೇ ಇತ್ತು. ಜೋತಿರಾವ್ ಹೆಂಡತಿಗೆ ಅಕ್ಷರ ಕಲಿಸುವಾಗ ಸಗುಣಾಬಾಯಿಯೂ ಜೊತೆಯಲ್ಲಿ ಕುಳಿತು ಕಲಿತರು. ಮುಂದೆ ಸಾವಿತ್ರಿಬಾಯಿ ಅಹಮದನಗರದಲ್ಲಿ ಅಮೆರಿಕನ್ ಮಿಷನ್ನಿನ ಸಿಂಥಿಯಾ ಫರಾರ್ ಅವರ ಬಳಿ ಶಿಕ್ಷಕಿಯ ತರಬೇತಿ ಪಡೆದರು. ಶೂದ್ರರಿಗೂ ಅತಿಶೂದ್ರರಿಗೂ, ಎಂದರೆ ಆ ಕಾಲದ ಕಟ್ಟಳೆ ಅಸ್ಪೃಶ್ಯರೆಂದು ಹೊರಗಿಟ್ಟವರಿಗೂ, ಪಾಠ ಹೇಳುವುದು ಊರಿನವರ ಕಣ್ಣಿಗೆ ಅಧರ್ಮವಾಗಿ ಕಂಡು, ಅವರ ಒತ್ತಾಯಕ್ಕೆ ಮಣಿದ ಗೋವಿಂದರಾವ್ 1849ರಲ್ಲಿ ಮಗ ಸೊಸೆಯನ್ನು ಮನೆಯಿಂದ ಹೊರಗೆ ಕಳಿಸಿದರು.

ಈ ವರ್ಷಗಳ ಸಾವಿತ್ರಿಬಾಯಿಯವರನ್ನು ಅವರ ಕೈಬರಹದಲ್ಲೇ ಕಾಣುವಂತೆ ಮಾಡುವ ಪತ್ರವೊಂದು 1856ರ ಅಕ್ಟೋಬರಿನದು. ತವರಿನಲ್ಲಿ ಕಾಯಿಲೆಯಿಂದ ಮಲಗಿದ್ದ ಅವರು ಗುಣಮುಖರಾಗಿ ಗಂಡನಿಗೆ ಬರೆದ ಪತ್ರ ಅದು. ಸಹೋದರನು ಶುಶ್ರೂಷೆ ಮಾಡಿದ್ದನ್ನು ಮೊದಲು ನೆನೆದು, ಅದೇ ಸಹೋದರನು ಕೀಳುಜಾತಿಯವರಿಗೆ ಕಲಿಸುವುದನ್ನು ಹಳಿದಾಗ ತಾವು ಕೊಟ್ಟ ಉತ್ತರವನ್ನೂ ತಾಯಿ ತಮ್ಮ ಪಕ್ಷ ವಹಿಸಿದ್ದನ್ನೂ ವಿವರಿಸಿ, ತಾವಿಲ್ಲದೆ ಪುಣೆಯಲ್ಲಿ ಸಹಶಿಕ್ಷಕಿ ಫಾತಿಮಾಳಿಗೆ ಕೆಲಸದ ಹೊರೆ ಹೆಚ್ಚಾಗಿರಬೇಕೆಂದು ಕಳವಳಪಟ್ಟಿದ್ದಾರೆ. ಪತ್ರದ ವಾದಭಾಗವನ್ನೇ ವಿದ್ವಾಂಸರು ಹೆಚ್ಚಾಗಿ ಎತ್ತಿಹೇಳುತ್ತಾರೆ. ಅದರ ಮೊದಲ ಸಾಲುಗಳಲ್ಲಿರುವ ಅರಿವು, ಎಂದರೆ ತಮ್ಮನ್ನು ಉಪಚರಿಸಿದ ಕೈಯ ಶ್ರಮವನ್ನು ಹೆಸರಿಟ್ಟು ಗುರುತಿಸುವ ನಡೆ, ಅಷ್ಟೇ ಗಮನಾರ್ಹ. ಆರೈಕೆಯೂ ಒಂದು ದುಡಿಮೆ, ಅದನ್ನು ಮಾಡಿದವರಿಗೆ ಋಣ ಸಲ್ಲಬೇಕು ಎಂಬ ಎಚ್ಚರ ಇಪ್ಪತ್ತೈದರ ಹರೆಯದಲ್ಲೇ ಅವರಿಗಿತ್ತು.

ಆ ಹೊತ್ತಿಗೆ ಅವರ ಮೊದಲ ಕವನಸಂಗ್ರಹ ಕಾವ್ಯಫುಲೆ ಪ್ರಕಟವಾಗಿ ಎರಡು ವರ್ಷಗಳಾಗಿದ್ದವು. 1854ರ ಆ ಪುಸ್ತಕದಲ್ಲಿ ವಿದ್ಯೆಯನ್ನೂ ಇಂಗ್ಲಿಷ್ ಕಲಿಕೆಯನ್ನೂ ಕೊಂಡಾಡುವ ರಚನೆಗಳ ನಡುವೆ ಜಾಜಿ, ಹಳದಿ ಸಂಪಿಗೆ, ಗುಲಾಬಿಗಳನ್ನು ಕುರಿತ ಕವನಗಳಿವೆ. ಹೂವು ಕವಿಗೆ ಉಪಮೆಯಾಗುವುದು ಎಲ್ಲ ಕಾವ್ಯಪರಂಪರೆಗಳಲ್ಲೂ ಸಾಮಾನ್ಯ. ಹೂವು ಮನೆಯ ಅನ್ನವೂ ಆಗಿದ್ದ ಕವಿ ಅಪರೂಪ. ಜಾಜಿಯನ್ನು ಬೆಳಗಿನ ಇಬ್ಬನಿ ಆರುವ ಮೊದಲು ಬಿಡಿಸಬೇಕು, ಬಾಡುವುದರೊಳಗೆ ಕಟ್ಟಿ ಕೊಡಬೇಕು. ಕಟ್ಟುವ ಬೆರಳು ಬಿಗಿಯಾದರೆ ಎಸಳು ನಲುಗುತ್ತದೆ, ಸಡಿಲಾದರೆ ಮಾಲೆ ಉದುರುತ್ತದೆ. ಹೂವಿನ ಕಸುಬು ಕಲಿಸುವ ಈ ಸಮಯಪ್ರಜ್ಞೆ ಮತ್ತು ಹಗುರವಾದ ಹಿಡಿತ ಎಳೆಮಕ್ಕಳನ್ನೂ ರೋಗಿಗಳನ್ನೂ ಮುಟ್ಟುವ ಕೈಗೂ ಬೇಕು.

ಆ ಕೈಗೆ ಕಠಿಣವಾದ ಕೆಲಸ ಬಂದದ್ದು 1863ರಲ್ಲಿ. ಅದರ ಹಿಂದಿನ ಪ್ರಸಂಗವನ್ನು ಜೋತಿರಾವ್ ಅವರೇ 1884ರ ಡಿಸೆಂಬರಿನಲ್ಲಿ, ಬಾಲ್ಯವಿವಾಹ ಮತ್ತು ಬಲವಂತದ ವೈಧವ್ಯವನ್ನು ಕುರಿತ ಬೆಹರಾಮಜಿ ಮಲಬಾರಿಯವರ ಟಿಪ್ಪಣಿಗಳಿಗೆ ಸರ್ಕಾರದ ಮುಂದಿಟ್ಟ ಅಭಿಪ್ರಾಯದಲ್ಲಿ ದಾಖಲಿಸಿದ್ದಾರೆ. ಅವರ ಗೆಳೆಯರ ಮನೆಯಲ್ಲಿ ಅಡುಗೆ ಕೆಲಸಕ್ಕಿದ್ದ ಕಾಶೀಬಾಯಿ ಎಂಬ ಎಳೆವಯಸ್ಸಿನ ಬ್ರಾಹ್ಮಣ ವಿಧವೆ ಗರ್ಭಿಣಿಯಾಗಿ, ಬಸಿರು ಇಳಿಸುವ ಯತ್ನಗಳು ವಿಫಲವಾಗಿ, ಹೆತ್ತ ಮಗುವನ್ನು ಕೊಂದು ಬಾವಿಗೆ ಎಸೆದಳು. ನ್ಯಾಯಾಲಯ ಆಕೆಗೆ ಜೀವಾವಧಿ ಕರಿನೀರಿನ ಶಿಕ್ಷೆ, ಎಂದರೆ ಅಂಡಮಾನಿಗೆ ಗಡೀಪಾರು, ವಿಧಿಸಿತು. ಗರ್ಭಕ್ಕೆ ಕಾರಣನಾದ ಗಂಡಸಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಇದಾದ ಮೇಲೆ ಫುಲೆ ದಂಪತಿಗಳು ತಮ್ಮ ಮನೆಯಲ್ಲೇ ಬಾಲಹತ್ಯಾ ಪ್ರತಿಬಂಧಕ ಗೃಹವನ್ನು, ಶಿಶುಹತ್ಯೆಯನ್ನು ತಡೆಯುವ ಆಶ್ರಯವನ್ನು, ತೆರೆದು, ಬ್ರಾಹ್ಮಣರ ವಾಸದ ಬೀದಿಗಳ ಮೂಲೆಗಳಲ್ಲಿ ಅಚ್ಚು ಹಾಕಿಸಿದ ಪ್ರಕಟಣೆಗಳನ್ನು ಅಂಟಿಸಿದರು. ವಿಧವೆಯರು ಗುಟ್ಟಾಗಿ ಬಂದು ಹೆರಬಹುದು, ಮಗುವನ್ನು ಒಯ್ಯುವುದೂ ಬಿಟ್ಟುಹೋಗುವುದೂ ಅವರ ಇಷ್ಟಕ್ಕೆ ಬಿಟ್ಟದ್ದು ಎಂಬುದು ಅಲ್ಲಿಯ ಕಟ್ಟಳೆ.

ಆ ಅಭಿಪ್ರಾಯಪತ್ರದಲ್ಲಿ ಒಂದು ಲೆಕ್ಕವಿದೆ. ಫುಲೆಯವರನ್ನು ಹೊಗಳುವ ಬರಹಗಳು ಅದರ ಅರ್ಧವನ್ನಷ್ಟೇ ಎತ್ತಿಕೊಳ್ಳುತ್ತವೆ. 1884ರವರೆಗೆ ಆ ಮನೆಗೆ 35 ಗರ್ಭಿಣಿ ವಿಧವೆಯರು ಬಂದು ಹೆತ್ತರೆಂಬುದು ಎಲ್ಲರೂ ಹೇಳುವ ಅರ್ಧ. ಹುಟ್ಟಿದ ಮಕ್ಕಳಲ್ಲಿ ಬದುಕಿ ಉಳಿದವು 5 ಮಾತ್ರ, 30 ಸತ್ತವು, ಬಸಿರನ್ನು ಮರೆಮಾಡಲೆಂದು ತಾಯಂದಿರು ಮೊದಲೇ ಸೇವಿಸಿರಬಹುದಾದ ವಿಷಮದ್ದಿನಿಂದ ಮಕ್ಕಳಿಗೆ ಗರ್ಭದಲ್ಲೇ ಆದ ಹಾನಿ ಅದಕ್ಕೆ ಕಾರಣ ಎಂಬುದು ಉಳಿದ ಅರ್ಧ. ಈ ಎರಡನೆಯ ಅರ್ಧವನ್ನು ಬಿಟ್ಟರೆ ಆ ಮನೆಯೊಳಗೆ ನಡೆದ ಕೆಲಸದ ಸ್ವರೂಪವೇ ಕಾಣದು. ಇಪ್ಪತ್ತೊಂದು ವರ್ಷಗಳ ಅವಧಿಯಲ್ಲಿ, ಹೆದರಿ ಕದ್ದು ಬಂದ, ಮೈಯಲ್ಲಿ ವಿಷ ಸೇರಿದ ಹೆಂಗಸರ ಹೆರಿಗೆಯನ್ನು ನೋಡಿಕೊಳ್ಳುವುದು, ಉಸಿರಾಡದ ಅಥವಾ ಕೆಲವೇ ದಿನ ಬದುಕುವ ಕೂಸನ್ನು ಕೈಯಲ್ಲಿ ಹಿಡಿಯುವುದು, ಬಾಣಂತಿಗೆ ಬಿಸಿನೀರು ಎರೆದು ಮೈ ಕಾಸುವುದು, ಆಕೆ ಮತ್ತೆ ತಲೆ ಎತ್ತಿ ನಡೆಯುವಂತೆ ಮಾಡಿ ಕಳಿಸುವುದು, ಮುಂದಿನವಳು ಬಂದಾಗ ಇದನ್ನೆಲ್ಲ ಮತ್ತೆ ಮೊದಲಿನಿಂದ ಮಾಡುವುದು: ಇಂತಹ ಮನೆಯನ್ನು ಇಷ್ಟು ಕಾಲ ನಡೆಸಲು ಕರುಣೆಯೊಂದು ಸಾಲದು. ಪಾವಗಡದ ಸೂಲಗಿತ್ತಿ ನರಸಮ್ಮನವರಂತಹವರನ್ನು ಕಂಡ ಕನ್ನಡ ಓದುಗರಿಗೆ ಹೆರಿಗೆಯ ಕೆಲಸದಲ್ಲಿ ಎಷ್ಟು ಅರಿವು ಅಡಗಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಾತಿಯ ದೃಷ್ಟಿಯಿಂದ ಈ ಕೆಲಸಕ್ಕೆ ಇನ್ನೊಂದು ಮುಖವಿತ್ತು. ಹೆರಿಗೆಯ ಮೈಲಿಗೆಯನ್ನು ಮುಟ್ಟುವುದು ಕೆಳಗಿನವರ ಪಾಲೆಂದು ಸಮಾಜ ನಿಗದಿಮಾಡಿತ್ತು. ಆ ಮನೆಯಲ್ಲಿ ಮಾಳಿ ಜಾತಿಯ ವಿದ್ಯಾವಂತ ಶಿಕ್ಷಕಿ ತನ್ನ ಆಯ್ಕೆಯಿಂದ ಅದನ್ನು ಮುಟ್ಟಿದಳು, ಬ್ರಾಹ್ಮಣ ವಿಧವೆ ತನ್ನವರು ಕೊಡದ ಬಾಣಂತನವನ್ನು ಆಕೆಯ ಕೈಯಿಂದ ಪಡೆದಳು.

ಈ ಆಶ್ರಯದಲ್ಲಿ ವಿಧವೆಯೊಬ್ಬಳಿಗೆ ಹುಟ್ಟಿದ ಗಂಡುಮಗುವನ್ನೇ ದಂಪತಿಗಳು 1874ರ ಸುಮಾರಿನಲ್ಲಿ ಯಶವಂತನೆಂಬ ಹೆಸರಿನಿಂದ ಮಗನಾಗಿ ಸ್ವೀಕರಿಸಿದರು. ಹೆತ್ತ ಮಕ್ಕಳಿಲ್ಲದ ದಂಪತಿಗಳು ದತ್ತು ತೆಗೆದುಕೊಳ್ಳುವಾಗ ದಾಯಾದಿಗಳ ಮಗುವನ್ನೋ ಸ್ವಜಾತಿಯ ಮಗುವನ್ನೋ ಆರಿಸುವುದು ರೂಢಿಯಾಗಿದ್ದ ಕಾಲದಲ್ಲಿ, ಲೋಕ ಕಳಂಕಿತವೆಂದು ಕರೆದ ಹುಟ್ಟನ್ನು ತಮ್ಮ ವಂಶಕ್ಕೆ ಸೇರಿಸಿಕೊಂಡದ್ದು ತಾಯ್ತನದ ವ್ಯಾಖ್ಯೆಯನ್ನೇ ಬದಲಿಸುವ ನಿರ್ಧಾರ. 1887ರ ಜುಲೈನಲ್ಲಿ ಬರೆದ ಮೃತ್ಯುಪತ್ರದಲ್ಲಿ ಜೋತಿರಾವ್ ಯಶವಂತನನ್ನು ಉತ್ತರಾಧಿಕಾರಿಯಾಗಿ ಹೆಸರಿಸಿದರು. ಹುಡುಗನು ವೈದ್ಯಶಿಕ್ಷಣ ಪಡೆದನು. 1889ರ ಫೆಬ್ರವರಿ 4ರಂದು ಜ್ಞಾನೋಬಾ ಸಸಾಣೆಯವರ ಮಗಳು ರಾಧೆಯೊಡನೆ ಅವನ ಮದುವೆ ಸತ್ಯಶೋಧಕ ವಿಧಿಯಿಂದ ನಡೆಯಿತು. 1873ರ ಸೆಪ್ಟೆಂಬರ್ 24ರಂದು ಸ್ಥಾಪನೆಯಾದ ಸತ್ಯಶೋಧಕ ಸಮಾಜ ಪುರೋಹಿತನ ಮಧ್ಯಸ್ಥಿಕೆಯನ್ನು ಕೈಬಿಟ್ಟು, ವಧೂವರರು ಪರಸ್ಪರ ಪ್ರತಿಜ್ಞೆ ಮಾಡಿ ಮಾಲೆ ಬದಲಾಯಿಸಿಕೊಳ್ಳುವ ಸರಳ ಪದ್ಧತಿಯನ್ನು ರೂಪಿಸಿತ್ತು. ಮಂತ್ರ ಹೋಗಿ ಮಾಲೆ ಉಳಿದ ಈ ಮದುವೆಯಲ್ಲಿ ಹೂವಾಡಿಗರ ಕೈಗೆಲಸ ಯಾರ ಅಪ್ಪಣೆಗೂ ಕಾಯದೆ ತಾನೇ ಸಂಸ್ಕಾರವಾಯಿತು.

1876–78ರ ಕ್ಷಾಮದಲ್ಲಿಯೂ ಇದೇ ದುಡಿಮೆ ಮುಂದುವರಿಯಿತು. ದಖ್ಖನಿನ ಉದ್ದಗಲಕ್ಕೆ ಹಬ್ಬಿ ಮೈಸೂರು ಸೀಮೆಯನ್ನೂ ಮುಂಬಯಿ ಕರ್ನಾಟಕವನ್ನೂ ನಾಶಮಾಡಿದ ಈ ಬರದಲ್ಲಿ ಜುನ್ನರ ತಾಲೂಕಿನ ಓತೂರಿನಿಂದ 1877ರ ಏಪ್ರಿಲಿನಲ್ಲಿ ಸಾವಿತ್ರಿಬಾಯಿ ಗಂಡನಿಗೆ ಬರೆದ ಪತ್ರ, ಹಸಿದವರ ಸ್ಥಿತಿಯನ್ನೂ ಬಡ್ಡಿಸಾಹುಕಾರರ ಕ್ರೌರ್ಯವನ್ನೂ ಸತ್ಯಶೋಧಕ ಕಾರ್ಯಕರ್ತರು ನಡೆಸುತ್ತಿದ್ದ ಪರಿಹಾರದ ಕೆಲಸವನ್ನೂ ಆಡಳಿತದ ಅಧಿಕಾರಿಯೊಡನೆ ತಾವು ವ್ಯವಹರಿಸಿದ ರೀತಿಯನ್ನೂ ವಿವರಿಸುತ್ತದೆ. ಪುಣೆಯ ಬಳಿಯ ಧನಕವಡಿಯಲ್ಲಿ ಮಕ್ಕಳಿಗಾಗಿ ತೆರೆದ ಅನ್ನಛತ್ರಕ್ಕೆ ಮೇ ತಿಂಗಳಲ್ಲಿ ಸಾರ್ವಜನಿಕ ಮನವಿ ಹೊರಟಿತು.

1888ರಲ್ಲಿ ಜೋತಿರಾವ್ ಪಾರ್ಶ್ವವಾಯುವಿಗೆ ಗುರಿಯಾಗಿ ಅವರ ಬಲಭಾಗ ಸ್ವಾಧೀನ ತಪ್ಪಿತು. ಡಾ. ವಿಶ್ರಾಮ ರಾಮಜಿ ಘೋಲೆ ಚಿಕಿತ್ಸೆ ನೀಡಿದರು. ಜೋತಿರಾವ್ ಎಡಗೈಯಿಂದ ಬರೆದು ಸಾರ್ವಜನಿಕ ಸತ್ಯಧರ್ಮ ಎಂಬ ಕೊನೆಯ ಗ್ರಂಥವನ್ನು ಮುಗಿಸಿದರು, ಅದು ಅವರ ಮರಣಾನಂತರ 1891ರಲ್ಲಿ ಅಚ್ಚಾಯಿತು. ಎಡಗೈಯ ಆ ಬರಹ ಛಲದ ನಿದರ್ಶನವಾಗಿ ಪ್ರಸಿದ್ಧವಾಗಿದೆ. ಮಗ್ಗುಲು ಬದಲಿಸಲು, ಉಣ್ಣಲು, ಸ್ನಾನಕ್ಕೆ ಇನ್ನೊಬ್ಬರನ್ನು ಅವಲಂಬಿಸಿದ ರೋಗಿಯೊಬ್ಬರು ಎರಡು ವರ್ಷಗಳಿಗೂ ಹೆಚ್ಚು ಕಾಲ ಬರೆಯುವ ಸ್ಥಿತಿಯಲ್ಲಿ ಉಳಿದದ್ದು ಮನೆಯೊಳಗಿನ ಶುಶ್ರೂಷೆಯಿಂದ ಎಂಬುದನ್ನು ಅದರ ಜೊತೆಗೇ ಹೇಳಬೇಕು. ಆ ಹೊತ್ತಿಗೆ ಸಂಸಾರದ ಹಣಕಾಸು ಬರಿದಾಗಿತ್ತು. ಬಡೋದೆಯ ಸಯಾಜಿರಾವ್ ಗಾಯಕವಾಡರ ನೆರವು ಕೋರಿ 1890ರ ಜುಲೈನಲ್ಲಿ ಪತ್ರ ಬರೆದ, ಫುಲೆ ದಂಪತಿಗಳ ಗೆಳೆಯ ಮಾಮಾ ಪರಮಾನಂದರು, ಗಂಡನಿಗಿಂತಲೂ ಹೆಂಡತಿ ಹೆಚ್ಚಿನ ಪ್ರಶಂಸೆಗೆ ಅರ್ಹಳೆಂಬ ಅಭಿಪ್ರಾಯವನ್ನು ಅದರಲ್ಲಿ ಸೂಚಿಸಿದ್ದಾರೆ. ಹತ್ತಿರದಿಂದ ಕಂಡವರ ಈ ಸಾಕ್ಷ್ಯಕ್ಕೆ ಬೆಲೆಯಿದೆ. ನವೆಂಬರ್ 28ರಂದು ಜೋತಿರಾವ್ ತೀರಿಕೊಂಡಾಗ, ಶವದ ಮುಂದೆ ಟಿಟವೆಯನ್ನು, ಎಂದರೆ ಉತ್ತರಕ್ರಿಯೆಯ ಹಕ್ಕುಳ್ಳವನು ಹಿಡಿದು ನಡೆಯುವ ಮಣ್ಣಿನ ಮಡಕೆಯನ್ನು, ದತ್ತುಮಗ ಹಿಡಿಯುವುದಕ್ಕೆ ಬಂಧುಗಳು ತಕರಾರು ತೆಗೆದರು. ಸಾವಿತ್ರಿಬಾಯಿ ಅದನ್ನು ತಾವೇ ಹಿಡಿದು ಶವಯಾತ್ರೆಯ ಮುಂದೆ ನಡೆದರು. ಆಮೇಲೆ ಸತ್ಯಶೋಧಕ ಸಮಾಜದ ಮುಂದಾಳುತನವನ್ನೂ ವಹಿಸಿಕೊಂಡು 1893ರ ಸಾಸವಡ ಅಧಿವೇಶನಕ್ಕೆ ಅಧ್ಯಕ್ಷರಾದರು. ಸೊಸೆ ರಾಧೆ 1895ರ ಮಾರ್ಚಿನಲ್ಲಿ ತೀರಿಹೋದಳು.

ಪ್ಲೇಗು ಮುಂಬಯಿಯ ಮಾಂಡವಿ ಬಂದರುಕೇರಿಯಲ್ಲಿ ಕಾಣಿಸಿಕೊಂಡದ್ದು 1896ರ ಸೆಪ್ಟೆಂಬರಿನಲ್ಲಿ, ಡಾ. ಅಕಾಸಿಯೊ ವಿಯೇಗಸ್ ಅದನ್ನು ಗುರುತಿಸಿದರು. ವರ್ಷ ತಿರುಗುವಷ್ಟರಲ್ಲಿ ಅದು ಪುಣೆಯನ್ನು ಹಿಡಿದಿತ್ತು, ಜೊತೆಗೆ ದಖ್ಖನಿನಲ್ಲಿ ಮತ್ತೊಂದು ಕ್ಷಾಮವೂ ತಲೆಯೆತ್ತಿತ್ತು. ರೋಗಾಣುವನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದರು. ಅದು ಇಲಿಯ ಮೈಮೇಲಿನ ಚಿಗಟದಿಂದ ಮನುಷ್ಯನಿಗೆ ದಾಟುತ್ತದೆಂಬುದನ್ನು ಪಾಲ್ ಲೂಯಿ ಸಿಮಂಡ್ ಕರಾಚಿಯಲ್ಲಿ ತೋರಿಸಿಕೊಟ್ಟದ್ದು 1898ರಲ್ಲಿ. ಈ ಎರಡು ವರ್ಷಗಳ ನಡುವಣ ಕತ್ತಲಲ್ಲಿ ಪುಣೆಯ ಜನ ರೋಗವನ್ನು ಎದುರಿಸಿದರು. ವಾಲ್ಡೆಮಾರ್ ಹಾಫ್ಕಿನ್ ಮುಂಬಯಿಯಲ್ಲಿ ತಮ್ಮ ಲಸಿಕೆಯನ್ನು ತಮ್ಮ ಮೈಮೇಲೆಯೇ ಪ್ರಯೋಗಿಸಿಕೊಂಡದ್ದು 1897ರ ಜನವರಿ 10ರಂದು. ರೋಗವನ್ನು ಗುಣಪಡಿಸುವ ಔಷಧವಂತೂ ಇನ್ನೂ ಅರ್ಧ ಶತಮಾನ ದೂರವಿತ್ತು. ಕಂಕುಳಲ್ಲಿ ಅಥವಾ ತೊಡೆಸಂದಿನಲ್ಲಿ ಗಡ್ಡೆ ಎದ್ದು, ಉರಿಜ್ವರ ಬಂದು, ಮತಿವಿಕಲ್ಪವಾಗಿ, ಹಲವರು ಒಂದು ವಾರದೊಳಗೆ ಸಾಯುವ ಈ ಬೇನೆಗೆ ಮಾಡಬಹುದಾಗಿದ್ದುದು ನೀರು ಕುಡಿಸುವುದು, ಗಂಜಿ ಹಾಕುವುದು, ಮೈ ಒರೆಸುವುದು, ಗಡ್ಡೆಗೆ ಶಾಖ ಕೊಡುವುದು, ಹಾಸಿಗೆಯನ್ನು ಶುಚಿಯಾಗಿಡುವುದು. ವೈದ್ಯನ ಕೈ ಸೋತಿದ್ದ ಕಾಯಿಲೆಯಲ್ಲಿ ದಾದಿಯ ಕೆಲಸವೇ ಚಿಕಿತ್ಸೆಯಾಗಿತ್ತು.

ಸರ್ಕಾರ ಆಯ್ದ ದಾರಿ ಬೇರೆ. 1897ರ ಫೆಬ್ರವರಿ 4ರಂದು ಜಾರಿಗೆ ಬಂದ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲದಿಂದ, ಡಬ್ಲ್ಯು. ಸಿ. ರಾಂಡ್ ನೇತೃತ್ವದ ಪ್ಲೇಗು ಸಮಿತಿ ಮಾರ್ಚಿನಲ್ಲಿ ಸೈನಿಕರನ್ನು ಮನೆಮನೆಗೆ ನುಗ್ಗಿಸಿತು. ರೋಗಿಗಳನ್ನು ಆಸ್ಪತ್ರೆಗೂ ಮನೆಯವರನ್ನು ಪ್ರತ್ಯೇಕ ಶಿಬಿರಗಳಿಗೂ ಸಾಗಿಸಿ, ನೆಲ ಅಗೆಸಿ, ಸುಣ್ಣ ಬಳಿಸಿ, ಸಾಮಾನುಗಳನ್ನು ಸುಡಿಸಿತು. ಜನರ ರೋಷ ಜೂನ್ 22ರ ರಾತ್ರಿ ರಾಂಡ್ ಮೇಲೆ ಹಾರಿದ ಗುಂಡಿನಲ್ಲಿ ಸ್ಫೋಟಿಸಿದ ಕಥೆ ಎಲ್ಲ ಇತಿಹಾಸಗ್ರಂಥಗಳಲ್ಲಿದೆ. ಕನ್ನಡ ನಾಡಿನ ಗಂಗಾಮೂಲದಲ್ಲಿ ಹುಟ್ಟಿ ಪುಣೆಯಲ್ಲಿ ಶಾರದಾ ಸದನವನ್ನು ನಡೆಸಿದ ಪಂಡಿತಾ ರಮಾಬಾಯಿಯವರು, ಪ್ಲೇಗು ಆಸ್ಪತ್ರೆಯಲ್ಲಿ ಹೆಂಗಸರಿಗೆ ರಕ್ಷಣೆಯಿಲ್ಲವೆಂದು ಅದೇ ವರ್ಷ ಬಾಂಬೆ ಗಾರ್ಡಿಯನ್ ಪತ್ರಿಕೆಗೆ ಬರೆದು ಅಧಿಕಾರಿಗಳನ್ನು ಎದುರುಹಾಕಿಕೊಂಡರು. ರಾಜಕೀಯ ಇತಿಹಾಸ ಈ ಸಂಘರ್ಷವನ್ನು ವಿವರವಾಗಿ ಬಲ್ಲದು. ಸಂಘರ್ಷದ ಎರಡೂ ಕಡೆಯವರು ನಿಭಾಯಿಸದೆ ಬಿಟ್ಟ ಪ್ರಶ್ನೆ, ರೋಗಿಯ ಹಾಸಿಗೆಯ ಪಕ್ಕದಲ್ಲಿ ಕೂರುವವರು ಯಾರು ಎಂಬುದು. ಮೇಲ್ಜಾತಿಯ ಮನೆಗಳಲ್ಲಿ ಮೈಲಿಗೆಯ ಅಂಜಿಕೆ, ಬಡವರ ಕೇರಿಗಳಲ್ಲಿ ಆಸ್ಪತ್ರೆಯ ಅಂಜಿಕೆ, ಎಲ್ಲರಿಗೂ ಸಾವಿನ ಅಂಜಿಕೆ ಇದ್ದ ಆ ದಿನಗಳಲ್ಲಿ ಬಂಧುಗಳೇ ರೋಗಿಯನ್ನು ಬಿಟ್ಟು ಓಡಿದ್ದುಂಟು.

ಸಾವಿತ್ರಿಬಾಯಿ ಆಗ ಅರವತ್ತಾರರ ವೃದ್ಧೆ. ಸೇನೆಯ ವೈದ್ಯಕೀಯ ಸೇವೆಯಲ್ಲಿದ್ದ ಯಶವಂತನನ್ನು ಅವರು ಕರೆಸಿಕೊಂಡರು, ಪುಣೆಯ ಹೊರಗೆ ಹಡಪಸರದ ಬಳಿ ಸಸಾಣೆ ಮನೆತನದ ಮಳಾದಲ್ಲಿ, ಎಂದರೆ ನೀರಾವರಿಯ ತೋಟದಲ್ಲಿ, ತಾಯಿ ಮಗ ಸೇರಿ ಪ್ಲೇಗು ರೋಗಿಗಳಿಗೆ ಚಿಕಿತ್ಸಾಲಯ ತೆರೆದರು. ಇಕ್ಕಟ್ಟಾದ ಪೇಠೆಗಳನ್ನು ಬಿಟ್ಟು ಬಯಲಿನ ತೋಟವನ್ನು ಆರಿಸಿದ್ದು ವಿವೇಕದ ನಡೆ. ಮರುವರ್ಷ ಹುಬ್ಬಳ್ಳಿ ಧಾರವಾಡಗಳನ್ನೂ ಬೆಂಗಳೂರನ್ನೂ ಪ್ಲೇಗು ಹೊಕ್ಕಾಗ ಕನ್ನಡದ ಊರುಗಳು ಮನೆಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಕಳೆದದ್ದನ್ನು ಹಿರಿಯರ ಮಾತಿನಲ್ಲಿ ಕೇಳಿದವರಿಗೆ, ಇಲಿ ಬಿದ್ದ ಮನೆಯಿಂದ ದೂರವಾಗುವುದೇ ಆಗಿನ ನಿಜವಾದ ರಕ್ಷೆಯಾಗಿತ್ತೆಂಬುದು ಗೊತ್ತಿದೆ. ಸೈನಿಕರ ಶಿಬಿರವೂ ಊರ ಹೊರಗೇ ಇತ್ತು. ಸಸಾಣೆಯವರ ತೋಟದಲ್ಲಿ ರೋಗಿಯನ್ನು ಎಳೆದೊಯ್ಯುವವರು ಇರಲಿಲ್ಲ, ಹೊತ್ತು ತರುವವರಿದ್ದರು.

ಹೊತ್ತು ತರುವುದೆಂಬುದು ಇಲ್ಲಿ ಅಕ್ಷರಶಃ ನಿಜ. ಮುಂಢವಾ ಗ್ರಾಮದ ಅಸ್ಪೃಶ್ಯರ ಕೇರಿಯಲ್ಲಿ ಗಾಯಕವಾಡ ಮನೆತನದ ಹುಡುಗನೊಬ್ಬ ಪ್ಲೇಗು ತಗಲಿ ಬಿದ್ದಿರುವ ಸುದ್ದಿ ತಿಳಿದು, ಸಾವಿತ್ರಿಬಾಯಿ ಅಲ್ಲಿಗೆ ಹೋಗಿ ಅವನನ್ನು ಬೆನ್ನ ಮೇಲೆ 
ಹೊತ್ತು ಚಿಕಿತ್ಸಾಲಯಕ್ಕೆ ತಂದರು. ಜಾತಿಯ ಕಟ್ಟಳೆಯಂತೆ ಮುಟ್ಟಬಾರದ ಮೈ, ರೋಗದ ಭಯದಿಂದಲೂ ಯಾರೂ ಮುಟ್ಟದ ಮೈ, ಅವರ ಬೆನ್ನಿಗೆ ಅಂಟಿಕೊಂಡು ಬಂತು. ಚಿಗಟದ ಪಾತ್ರ ತಿಳಿದ ಇಂದಿನ ವೈದ್ಯಶಾಸ್ತ್ರದ ದೃಷ್ಟಿಯಲ್ಲಿಯೂ ಇದರಲ್ಲಿ ಸೋಂಕು ದಾಟುವ ಅಪಾಯವಿತ್ತು. ಅಪಾಯದ ವಿವರ ಅವರಿಗೆ ತಿಳಿದಿರಲಾರದು. ಅಪಾಯವಿದೆಯೆಂಬುದು ಸುತ್ತಲೂ ಸಾಯುತ್ತಿದ್ದವರನ್ನು ಉಪಚರಿಸುತ್ತಿದ್ದವರಿಗೆ ತಿಳಿಯದೆ ಇರಲಾರದು. ಅವರಿಗೂ ಪ್ಲೇಗು ತಗಲಿ 1897ರ ಮಾರ್ಚ್ 10ರ ರಾತ್ರಿ ತೀರಿಕೊಂಡರು. ಯಶವಂತನು ಮತ್ತೆ ಸೇನೆಯ ಕೆಲಸಕ್ಕೆ ಮರಳಿ, ಮುಂದಿನ ದಶಕದಲ್ಲಿ ಪುಣೆಯಲ್ಲಿ ರೋಗ ಮರುಕಳಿಸಿದಾಗ ಬಂದು ರೋಗಿಗಳ ಚಿಕಿತ್ಸೆಯಲ್ಲಿ ತೊಡಗಿದ್ದಾಗಲೇ ಅದೇ ಬೇನೆಗೆ ತುತ್ತಾದನು.

ಸಾವಿತ್ರಿಬಾಯಿಯವರ ಈ ಕೊನೆಯನ್ನು ಬಲಿದಾನವೆಂದು ಕರೆಯುವುದು ವಾಡಿಕೆ. ಆ ಮಾತಿನಲ್ಲಿ ಭಕ್ತಿಯಿದೆ, ಆದರೆ ಅದು ಮೂವತ್ತನಾಲ್ಕು ವರ್ಷಗಳ ಕೆಲಸವನ್ನು ಒಂದು ಸಾವಿನೊಳಗೆ ಅಡಗಿಸಿಬಿಡುತ್ತದೆ. 1863ರ ಹೆರಿಗೆಮನೆ, 1877ರ ಅನ್ನಛತ್ರ, 1888ರ ರೋಗಿಯ ಕೋಣೆ, 1897ರ ತೋಟದ ಚಿಕಿತ್ಸಾಲಯ ಇವು ಒಂದೇ ಕಸುಬಿನ ಬೆಳವಣಿಗೆಯ ಹಂತಗಳು. ಆ ಕಸುಬಿಗೆ ಆಗ ಪುಣೆಯ ಹಿಂದೂ ಹೆಂಗಸರ ನಡುವೆ ಗೌರವದ ಹೆಸರಾಗಲಿ ತರಬೇತಿಯಾಗಲಿ ಇರಲಿಲ್ಲ. ಡೇವಿಡ್ ಸಸೂನ್ ಅವರ ದಾನದಿಂದ ಕಟ್ಟಿದ ಸಸೂನ್ ಆಸ್ಪತ್ರೆ 1867ರಿಂದ ಊರಿನಲ್ಲಿತ್ತು. ದಾದಿಯರನ್ನೂ ಸೂಲಗಿತ್ತಿಯರನ್ನೂ ತರಬೇತುಗೊಳಿಸುವ ಉದ್ದೇಶದ ಡಫರಿನ್ ನಿಧಿ 1885ರಲ್ಲಿ ಹುಟ್ಟಿತ್ತು. ಆದರೂ ಪರರ ಮೈ ಮುಟ್ಟಿ, ಗಂಡಸರ ವಾರ್ಡಿನಲ್ಲಿ ರಾತ್ರಿ ಕಳೆಯುವ ಕೆಲಸಕ್ಕೆ ಮನೆತನಸ್ಥರು ಹೆಣ್ಣುಮಕ್ಕಳನ್ನು ಕಳಿಸುತ್ತಿರಲಿಲ್ಲ. ರಮಾಬಾಯಿ ರಾನಡೆಯವರು 1909ರಲ್ಲಿ ಆರಂಭಿಸಿದ ಪುಣೆಯ ಸೇವಾ ಸದನ 1911ರಲ್ಲಿ ಸಸೂನ್ ಆಸ್ಪತ್ರೆಯ ಸಹಕಾರದಿಂದ ಶುಶ್ರೂಷೆಯ ಶಿಕ್ಷಣಕ್ಕೆ ಕೈಹಾಕಿದಾಗ, ವಿಧವೆಯರನ್ನೂ ಅವರ ಮನೆಯವರನ್ನೂ ಒಪ್ಪಿಸುವುದೇ ಪಾಠಕ್ಕಿಂತ ದೊಡ್ಡ ಕೆಲಸವಾಗಿತ್ತು.

ಇಂದು ಕರ್ನಾಟಕದ ನರ್ಸಿಂಗ್ ವಿದ್ಯಾರ್ಥಿಗಳು ತಮ್ಮ ವೃತ್ತಿಯ ಚರಿತ್ರೆಯನ್ನು ಓದುವಾಗ ಫ್ಲಾರೆನ್ಸ್ ನೈಟಿಂಗೇಲ್ ಅವರಿಂದ ಆರಂಭಿಸುತ್ತಾರೆ, ಆರಂಭಿಸಲಿ. ಆ ಪಾಠದಲ್ಲಿ ಗಂಜ ಪೇಠೆಯ ಫುಲೆ ವಾಡೆಗೂ ಹಡಪಸರದ ತೋಟಕ್ಕೂ ಪುಟಗಳು ಬೇಕು. ಆ ಪುಟಗಳನ್ನು ಬರೆಯಲು ಬೇಕಾದ ಮೂಲಸಾಮಗ್ರಿ ಕೈಗೆಟುಕುವಂತಿದೆ: ಎಂ. ಜಿ. ಮಾಳಿಯವರು ಸಂಪಾದಿಸಿ 1988ರಲ್ಲಿ ಹೊರತಂದ ಮರಾಠಿಯ ಸಮಗ್ರ ವಾಙ್ಮಯದಲ್ಲಿ ಸಾವಿತ್ರಿಬಾಯಿಯವರ ಪತ್ರಗಳೂ ಕವನಗಳೂ ಇವೆ, 35 ಹೆರಿಗೆಗಳ ಮತ್ತು 30 ಮಕ್ಕಳ ಸಾವಿನ ಲೆಕ್ಕ ಕೊಡುವ 1884ರ ಅಭಿಪ್ರಾಯಪತ್ರ ಜೋತಿರಾವ್ ಅವರ ಬರಹಗಳಲ್ಲಿ ಸಿಗುತ್ತದೆ. ಇವನ್ನು ಶಿಕ್ಷಣದ ಇತಿಹಾಸಕಾರರು ಬಹುಕಾಲದಿಂದ ಓದುತ್ತ ಬಂದಿದ್ದಾರೆ. ಹೆರಿಗೆಯ ಕೋಣೆಯನ್ನೂ ಜ್ವರದ ವಾರ್ಡನ್ನೂ ಒಳಗಿನಿಂದ ಬಲ್ಲ ದಾದಿಯರು, ಸೂಲಗಿತ್ತಿಯರು ಅವನ್ನು ಕನ್ನಡದಲ್ಲಿ ಓದಿದರೆ, ವಿದ್ವಾಂಸರು ಈವರೆಗೆ ಕೇಳದ ಪ್ರಶ್ನೆಗಳನ್ನು ಆ ಬರಹಗಳಿಗೆ ಕೇಳಬಲ್ಲರು.